ತಂಗೀ, ದಪ್ಪ ಜಾಕೆಟ್ ತರಬ್ಯಾಡ

ತಂಗೀ, ನೀ ಬರದದ್ದು ಓದಿದೆ. ಸಪ್ಟೆಂಬರದಾಗ ಜಮಖಂಡಿಯಿಂದ ಸ್ಕಾಟ್ಲಂಡಿನ ಎಡಿನ್‌ಬರೋಕ್ಕ ಓದಾಕ ಬರಾಕತ್ತೀದಿ, ಶನಿವಾರ ರವಿವಾರ ಗುಡ್ಡ ಹತ್ತೂ ಹುಡುಗರ ಸಂಗಾಟ ಹೋಗೂ ಮನಸೈತಿ, ಬೆಳಗಾವಿ ಖಡೇ ಬಜಾರದಾಗ ಒಂದು ದಪ್ಪ ಜಾಕೆಟ್ ನೋಡಿಟ್ಟೀನಿ, ತರಲೋ ಬ್ಯಾಡೋ ಅಂತ ಕೇಳೀದಿ. ಬ್ಯಾಡ. ಆ ರೊಕ್ಕ ಹಂಗ ಇಟ್ಕೊ. ಇಲ್ಲಿ ಬಂದ ಮ್ಯಾಲ ಗಾಳಿ ತಡಿಯೂ ತೆಳ್ಳನ ಅಂಗಿ ಒಂದು ತಗೊಳ್ಳೂಣು. ವಿಂಡ್‌ಶರ್ಟ್ ಅಂತಾರ, ವಿಂಡ್ ಜಾಕೆಟ್ ಅಂತನೂ ಅಂತಾರ.

ನಾವು ಬಿಸಿಲ ಸೀಮಿಯವರು, ಥಂಡಿ ಅಂದ್ರ ಎಷ್ಟು ಡಿಗ್ರಿ ಅಂತ ಕೇಳ್ತೀವಿ. ಈ ಊರಾಗ ಮೊದಲು ಗಾಳಿ ಎಷ್ಟೈತಿ ಅಂತ ಕೇಳಬೇಕು. ನಮ್ಮ ಕಡೆ ಆಷಾಢದ ಗಾಳಿ ನಾಕು ದಿನ ಬೀಸಿ ಸುಮ್ಮನಾಗ್ತೈತಿ, ಇಲ್ಲಿ ಯಾವ ತಿಂಗಳಿಗೂ ಅದಕ್ಕ ರಜಾ ಇಲ್ಲ. 5 ಡಿಗ್ರಿ ಥಂಡಿಯೊಳಗ ತಾಸಿಗೆ 40 ಕಿಲೋಮೀಟರ್ ಗಾಳಿ ಬೀಸಿದ್ರ ಮೈಗೆ ಅದು ಸೊನ್ನಿಗಿಂತ ಕೆಳಗ, ಸುಮಾರು -1 ಡಿಗ್ರಿ ಇದ್ದಂಗ ಆಗ್ತೈತಿ. ಹವಾಮಾನದ ಸುದ್ದಿಯೊಳಗ ಗಾಳಿ ಮೈಲಿಲೆಕ್ಕದಾಗ ಹೇಳ್ತಾರ, 25 ಅಂತ ಕಂಡ್ರ ಇದ ಗಾಳಿ ಅಂತ ತಿಳ್ಕೊ. ನಮ್ಮ ಮೈಶಾಖದಿಂದ ಚರ್ಮದ ಸುತ್ತ ಒಂದು ಪದರು ಗಾಳಿ ಬೆಚ್ಚಗಾಗಿ ನಿಂತಿರ್ತೈತಿ. ಬೀಸೂ ಗಾಳಿ ಅದನ್ನ ಹೊಡಕೊಂಡು ಹೋಗ್ತೈತಿ, ಮೈ ಮತ್ತ ಹೊಸಾದು ಬೆಚ್ಚಗ ಮಾಡಬೇಕು. ಸ್ವೆಟರ್ ಎಷ್ಟ ದಪ್ಪ ಇರಲಿ, ಅದರ ತೂತಿನ್ಯಾಗಿಂದ ಗಾಳಿ ಸಲೀಸ ಒಳಗ ಬರ್ತೈತಿ.

ನಾ ಬಂದ ವರ್ಷ ಅಕ್ಟೋಬರದಾಗ ಆರ್ಥರ್ಸ್ ಸೀಟ್ ಹತ್ತಿದೆ. ಊರ ನಡುವ ಇರೂ ಗುಡ್ಡ, 251 ಮೀಟರ್, ಅಷ್ಟ. ಮೈಮ್ಯಾಲ ಊರಿಂದ ತಂದ ಜಾಕೆಟ್, ಒಳಗ ಹತ್ತಿ ಅಂಗಿ. ಅರ್ಧ ಹತ್ತೂದ್ರಾಗ ಬೆವರು ಇಳೀತು. ಜಿಪ್ ತಗದೆ, ಎದಿಗೆ ಗಾಳಿ ಬಡೀತು. ಹಾಕಿದೆ, ಮತ್ತ ಬೆವರು. ತುದಿಗೆ ಹೋಗಿ ನಿಂತಾಗ ಹತ್ತಿ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು. ಐದು ನಿಮಿಷದಾಗ ಹಲ್ಲು ಕಟಕಟ ಅನ್ನಾಕ ಹತ್ತಿದ್ವು. ಬೆಟ್ಟ ಸಣ್ಣದು, ದಾರಿ ಸರಳ, ಆದ್ರೂ ಆವತ್ತು ನನಗ ಖರೇನ ಅಂಜಿಕಿ ಆತು. ಇದಕ್ಕ ನಾ ನಿನಗ ಇಷ್ಟು ಬಿಡಿಸಿ ಬರಿಯಾಕತ್ತೀನಿ.

ಈಗ ಅರಿವಿ ವಿಚಾರಕ್ಕ ಬರ್ತೀನಿ. ನಾ ರಬಕವಿಯ ಸೀರಿ ನೇಯೂ ಮನಿಯಾಕಿ, ಇದನ್ನ ಹೇಳೂದಂದ್ರ ನನಗ ಪ್ರೀತಿ. ಈ ಅಂಗಿಯೊಳಗ ರಬ್ಬರ್ ಇಲ್ಲ, ಪ್ಲಾಸ್ಟಿಕ್ ಹಾಳಿ ಇಲ್ಲ. ಗಾಳಿ ತಡಿಯೂದು ಬರೇ ನೇಯ್ಗಿ. ಸಣ್ಣ ನೈಲಾನ್ ಎಳಿ ತಗೊಂಡು ಹಾಸು ಹೊಕ್ಕು ಎಷ್ಟು ಒತ್ತೊತ್ತಾಗಿ ನೇಯ್ತಾರಂದ್ರ ಗಾಳಿಗೆ ದಾರಿ ಸಿಗೂದಿಲ್ಲ. ಆಮ್ಯಾಲ ಬಿಸಿ ಉರುಳಿ ನಡುವ ಒತ್ತಿ, ಎಳಿ ಚಪ್ಪಟ ಮಾಡಿ, ಉಳಿದ ಸಂದೀನೂ ಮುಚ್ಚತಾರ. ಲೇಬಲ್ ಮ್ಯಾಲ 20 ಡೆನಿಯರ್, 10 ಡೆನಿಯರ್ ಅಂತ ಬರದಿರ್ತಾರ. ಡೆನಿಯರ್ ಶಬ್ದ ನಾ ಇಲ್ಲಿ ಬಂದು ಕಲಿತದ್ದಲ್ಲ. ಅಪ್ಪ ತರೂ ರೇಷ್ಮಿ ನೂಲಿಗೂ 20/22 ಡೆನಿಯರ್ ಅಂತನ ಅಂತಿದ್ರು. 9,000 ಮೀಟರ್ ಎಳಿಯ ತೂಕ ಎಷ್ಟು ಗ್ರಾಂ ಅನ್ನೂ ಲೆಕ್ಕ ಅದು, ಅಂಕಿ ಕಡಿಮಿ ಇದ್ದಷ್ಟು ಎಳಿ ಸಣ್ಣ. ಹಂಗಾಗಿ ಪೂರಾ ಅಂಗಿ 100ರಿಂದ 150 ಗ್ರಾಂ ತೂಗ್ತೈತಿ, ಮಡಚಿದ್ರ ಮುಷ್ಟಿಯೊಳಗ ಹಿಡಿತೈತಿ. ಅರಿವಿಯನ್ನ ಬೆಳಕಿಗೆ ಹಿಡಿ, ಸಣ್ಣ ಸಣ್ಣ ಚೌಕ ಕಾಣ್ತಾವ. ಅಲ್ಲಲ್ಲಿ ಒಂದು ದಪ್ಪ ಎಳಿ ಹಾಕಿರ್ತಾರ, ಮುಳ್ಳು ಹತ್ತಿ ಹರದ್ರ ಆ ಎಳಿಗೆ ಬಂದು ಹರಕು ನಿಲ್ಲತೈತಿ. ರಿಪ್‌ಸ್ಟಾಪ್ ಅಂದ್ರ ಇದ.

ಅಂಗಡಿಯೊಳಗ ಅರಿವಿಗೆ ಬಾಯಿ ಹಚ್ಚಿ ಊದು. ಉಸಿರು ಹಂಗ ಆಚಿ ದಾಟಿದ್ರ ಆ ಅಂಗಿ ಗುಡ್ಡಕ್ಕ ಆಗೂದಿಲ್ಲ. ಒಂದು ತಟಗೂ ದಾಟದಿದ್ರ ಹತ್ತುವಾಗ ಬೆವರು ಒಳಗ ಉಳೀತೈತಿ. ಜೋರ ಊದಿದಾಗ ಆಚಿ ಕೈಗೆ ಸ್ವಲ್ಪ ತಿಳೀಬೇಕು, ಅಂಥಾದು ಆರಿಸು. ಪೂರ್ತಿ ಗಾಳಿ ನಿಲ್ಲಸತೈತಿ ಅಂತ ಬರದಿದ್ದನ್ನ ನೋಡಿ ಭಾಳ ಮಂದಿ ಮರುಳಾಗ್ತಾರ. ಗುಡ್ಡ ಹತ್ತೂರಿಗೆ ಚೂರು ಉಸಿರಾಡೂ ಅರಿವಿನ ಚಲೋ ಅಂತ ನನ್ನ ಅನುಭವ.

ಕುಂಚಿಗಿ ಇರೂದನ್ನ ತಗೋ, ಹೂಡ್ ಇಲ್ಲದ್ದು ಬ್ಯಾಡ. ಕೂಸಿನ ಕುಂಚಿಗಿ ಹೆಂಗ ಮಾರಿಗೆ ಕರೆಕ್ಟ ಕುಂದ್ರತೈತಿ, ಹಂಗ ಕುಂದ್ರಬೇಕು; ಸಡ್ಲ ಇದ್ರ ಗಾಳಿ ತುಂಬಿ ಹಿಂದ ಹಾರತೈತಿ. ಮುಂಗೈಗೆ ಇಲಾಸ್ಟಿಕ್, ಸೊಂಟಕ್ಕ ಎಳದು ಬಿಗಿ ಮಾಡೂ ದಾರ ಇರಲಿ. ಎರಡೂ ಕೈ ಮ್ಯಾಲ ಎತ್ತಿ ನೋಡು, ಬೆನ್ನು ಬಯಲಾಗಬಾರದು. ಪೂರಾ ಜಿಪ್ ಇದ್ದದ್ದನ್ನ ನಾ ಆರಸ್ತೀನಿ, ಹತ್ತುವಾಗ ಎದಿ ತಗದು ಬಿಡಾಕ ಬರ್ತೈತಿ. ಬಣ್ಣ ಕೆಂಪೋ ಹಳದಿಯೋ ಇರಲಿ. ಡಿಸೆಂಬರದಾಗ ಇಲ್ಲಿ ಮಧ್ಯಾಹ್ನ 3:40ಕ್ಕ ಹೊತ್ತು ಮುಳುಗ್ತೈತಿ, ಮಬ್ಬಿನ್ಯಾಗ ಸಂಗಾಟದವರಿಗೆ ನೀ ಕಾಣಬೇಕಲ್ಲ?

ಒಳಗ ಹತ್ತಿ ಬ್ಯಾಡ, ಇದೊಂದು ಮಾತು ಮರೀಬ್ಯಾಡ. ಆಟದ ಪಾಲಿಯೆಸ್ಟರ್ ಟೀಶರ್ಟ್ ಎರಡು ಅಲ್ಲಿಂದನ ತಾ, ಸೋವಿ ಸಿಗ್ತಾವ. ಅದರ ಮ್ಯಾಲ ತೆಳ್ಳನ ಉಣ್ಣಿ ಇಲ್ಲಾ ಫ್ಲೀಸ್ (ಉಣ್ಣಿಯಂಗ ಮೆತ್ತನ ಪಾಲಿಯೆಸ್ಟರ್ ಅರಿವಿ), ಅದರ ಮ್ಯಾಲ ಈ ಅಂಗಿ. ಫ್ಲೀಸ್ ಹಾಕ್ಕೊಂಡ ಅಂಗಡಿಗೆ ಹೋಗು, ಅಳತಿ ಗೊತ್ತಾಗ್ತೈತಿ.

ಮಳಿ? ಈ ಅಂಗಿ ಮಳಿಗೆ ಅಲ್ಲ. ಜಿಟಿಜಿಟಿ ಹನಿ ಹತ್ತು ನಿಮಿಷ ತಡೀತೈತಿ, ಆಮ್ಯಾಲ ತೊಯ್ತೈತಿ, ಗಾಳಿಗೆ ಮೈಮ್ಯಾಲ ಒಣಗ್ತೈತಿ. ಖರೇ ಮಳಿಗೆ ಚೀಲದಾಗ ಬ್ಯಾರೆ ರೇನ್ ಜಾಕೆಟ್ ಇರಬೇಕು. ಪೆಂಟ್ಲಂಡ್ ಗುಡ್ಡಕ್ಕ ಹೋಗುವಾಗ ಅದನ್ನ ಬಿಟ್ಟು ಹೋಗಬ್ಯಾಡ. ಛತ್ರಿ ನಂಬಿದ್ರ ಗಾಳಿ ಒಂದ ದಿನಕ್ಕ ಅದನ್ನ ತಿರುವಿ ಬಿಡ್ತೈತಿ. ಇನ್ನ ಬಸ್‌ಸ್ಟಾಪಿನ್ಯಾಗ ಅರ್ಧ ತಾಸು ಸುಮ್ಮನ ನಿಂದ್ರೂದಕ್ಕ ಇದು ಸಾಲೂದಿಲ್ಲ, ಜನವರಿಗೆ ಒಂದು ದಪ್ಪನ ಬೆಚ್ಚನ ಕೋಟು ಬೇಕಾಗ್ತೈತಿ. ಅದನ್ನ ಚಾರಿಟಿ ಅಂಗಡಿಯೊಳಗ ತಗೋ, ಬಳಸಿದ್ದು ಆದ್ರೂ ಚಲೋ ಮಾಲು ಇರ್ತಾವ.

ಈ ಅಂಗಿ ತೊಳಿಯುವಾಗ ಸಾಫ್ಟನರ್ ಹಾಕಬ್ಯಾಡ, ಅರಿವಿ ಮ್ಯಾಲಿನ ನೀರು ಜಾರಿಸೂ ತೆಳ್ಳನ ಲೇಪ ಹಾಳಾಗ್ತೈತಿ. ಲೇಬಲ್ ಒಪ್ಪಿದ್ರ ಡ್ರೈಯರ್‌ದಾಗ ಸಣ್ಣ ಶಾಖಕ್ಕ ತಿರಿಗಿಸು, ಲೇಪ ಮತ್ತ ಜೀವ ಹಿಡೀತೈತಿ. ಒಲಿ ಮುಂದ ಹಾಕ್ಕೊಂಡು ನಿಂದ್ರಬ್ಯಾಡ, ಒಂದು ಕಿಡಿ ಬಿದ್ರ ನೈಲಾನ್ ಕರಗಿ ತೂತು ಬೀಳ್ತೈತಿ.

ಹೆಸರಾದ ಕಂಪನಿಯವು, ಪೆಟಗೋನಿಯಾದ ಹೂಡಿನಿಯಂಥಾವು, ತುಟ್ಟಿ. 30 ಪೌಂಡಿನ ಸುತ್ತಲೂ ಸಿಗ್ತಾವ, ಮೊದಲ ವರ್ಷಕ್ಕ ಅಷ್ಟ ಸಾಕು. ಅದಕ್ಕೂ ಅವಸರ ಮಾಡಬ್ಯಾಡ. ನನ್ನ ಹಳೇದು ಒಂದು ನೀಲಿ ಐತಿ, ಮೊಣಕೈಗೆ ತ್ಯಾಪಿ ಹಚ್ಚೀನಿ, ಗಾಳಿ ಇನ್ನೂ ತಡೀತೈತಿ. ಬಂದ ಮೊದಲ ಶನಿವಾರ ಅದನ್ನ ಹಾಕ್ಕೊಂಡು ನನ್ನ ಸಂಗಾಟ ಆರ್ಥರ್ಸ್ ಸೀಟಿಗೆ ಬಾ. ತುದಿಗೆ ನಿಂತು ಒಂದು ಸಲ ತಗದು ನೋಡು, ಹಾಕ್ಕೊಂಡು ನೋಡು. ಇಳಿದು ಬಂದ ಮ್ಯಾಲ ಅಂಗಡಿಗೆ ಹೋಗೂಣು. ಬರುವಾಗ ಒಂದು ಡಬ್ಬಿ ಶೇಂಗಾ ಚಟ್ನಿ ತಾ.