ಮಗಳ ಹೈಸ್ಕೂಲಿನ ಬಗ್ಗೆ ಕೇಳಿದ್ದಿರಲ್ಲ

ಟೊರಾಂಟೊಗೆ ಈಗಷ್ಟೇ ಬಂದಿದ್ದೀರಿ. ಸೆಪ್ಟೆಂಬರ್‌ನಲ್ಲಿ ಮಗಳು ಒಂಬತ್ತನೇ ಕ್ಲಾಸಿಗೆ ಸೇರಬೇಕು, ಇಲ್ಲಿನ ಹೈಸ್ಕೂಲ್ ಹೇಗಿರುತ್ತೆ, ಮಕ್ಕಳು ಕೈತಪ್ಪಿ ಹೋಗುತ್ತಾರಾ ಅಂತ ಕೇಳಿದ್ದೀರಿ. ಓದಿನ ವಿಷಯ ಸುಲಭ. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ ಡಿಪ್ಲೊಮಾಗೆ, ಅಂದರೆ ಹೈಸ್ಕೂಲ್ ಪಾಸಾದ ಸರ್ಟಿಫಿಕೇಟಿಗೆ, 30 ಕ್ರೆಡಿಟ್ (ಪಾಸು ಮಾಡಿದ ಕೋರ್ಸಿಗೆ ಸಿಗುವ ಅಂಕ) ಬೇಕು, ಜೊತೆಗೆ 40 ಗಂಟೆ ವಾಲಂಟಿಯರ್ ಕೆಲಸ. ಅದನ್ನೆಲ್ಲ ಸ್ಕೂಲಿನ ಗೈಡೆನ್ಸ್ ಕೌನ್ಸೆಲರ್ ಕೂರಿಸಿಕೊಂಡು ಹೇಳುತ್ತಾರೆ.

ನಿಮ್ಮ ಭಯ ಅದಲ್ಲ, ಅಲ್ವಾ? ಹಾಗಾದರೆ ಮಗಳ ಜೊತೆ ಕೂತು ‘ಡಿಗ್ರಾಸಿ’ ನೋಡಿ. ಈ ಊರಿನದೇ ಹಳೇ ಧಾರಾವಾಹಿ. ‘ಡಿಗ್ರಾಸಿ ಜೂನಿಯರ್ ಹೈ’ 1987ರಲ್ಲಿ ಕೆನಡಾದ ಸಾರ್ವಜನಿಕ ಟಿವಿ ಸಿಬಿಸಿಯಲ್ಲಿ ಶುರುವಾಯಿತು. ಆಮೇಲೆ ಅದೇ ಮಕ್ಕಳು ‘ಡಿಗ್ರಾಸಿ ಹೈ’ಗೆ ಹೋದರು, 1991ರವರೆಗೆ ಬಂತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಲಿಂಡಾ ಸ್ಕೈಲರ್ ಮೊದಲು ಇಲ್ಲೇ ಟೀಚರ್ ಆಗಿದ್ದವರು. ದೊಡ್ಡವರ ಕೈಲಿ ಮಕ್ಕಳ ಪಾತ್ರ ಮಾಡಿಸದೆ, ಆ ವಯಸ್ಸಿನವರನ್ನೇ ಹಾಕಿಕೊಂಡರು. ಮುಖದ ಮೊಡವೆ, ಮಾತಿನ ತಡವರಿಕೆ ಎಲ್ಲ ಹಾಗೇ ಇದೆ.

ಕ್ಲಾಸಿನಲ್ಲಿ ಎಲ್ಲ ಕಡೆಯ ಮಕ್ಕಳೂ ಇದ್ದಾರೆ. ಯಿಕ್ ಯು ವಿಯೆಟ್ನಾಂನಿಂದ ಬಂದವನು. ಬಿಎಲ್‌ಟಿ ಕಪ್ಪು ಹುಡುಗ. ಅವನು ಮಿಶೆಲ್ ಅನ್ನೋ ಬಿಳಿ ಹುಡುಗಿಗೆ ಹತ್ತಿರವಾದಾಗ ಅವಳ ಮನೆಯವರಿಗೆ ಸರಿಹೋಗುವುದಿಲ್ಲ. ಜಾತಿ ವಿಚಾರಿಸುವುದನ್ನು ನೋಡುತ್ತಲೇ ಬೆಳೆದ ನಮಗೆ ಆ ಅಪ್ಪ ಅಮ್ಮ ಅಪರಿಚಿತರಲ್ಲ. ಈ ಭಾಗ ನೀವು ತಪ್ಪದೆ ನೋಡಬೇಕು.

ಇನ್ನು ಸ್ಪೈಕ್. ಹದಿನಾಲ್ಕರ ಹುಡುಗಿ, ಒಂದು ಪಾರ್ಟಿಗೆ ಹೋಗಿ ಬಂದ ಮೇಲೆ ಗರ್ಭಿಣಿ ಅಂತ ಗೊತ್ತಾಗುತ್ತದೆ. ಆ ಕಂತಿಗೆ ಅಂತರರಾಷ್ಟ್ರೀಯ ಎಮ್ಮಿ ಟಿವಿ ಪ್ರಶಸ್ತಿ ಬಂತು. ಕಥೆ ಅಲ್ಲಿಗೇ ಮುಗಿಯಲಿಲ್ಲ. 2001ರಲ್ಲಿ ಇದರ ಮುಂದುವರಿಕೆ ‘ದ ನೆಕ್ಸ್ಟ್ ಜನರೇಶನ್’ ಶುರುವಾದಾಗ ಅವಳ ಮಗಳು ಎಮ್ಮಾಳೇ ಅದೇ ಸ್ಕೂಲಿಗೆ ಬರುತ್ತಾಳೆ. ಅಮ್ಮನ ಪಾತ್ರದಲ್ಲಿ ಹಿಂದೆ ಸ್ಪೈಕ್ ಆಗಿದ್ದ ಅದೇ ನಟಿ ಅಮಾಂಡಾ ಸ್ಟೆಪ್ಟೊ. ಎಮ್ಮಾ ಇಂಟರ್ನೆಟ್‌ನಲ್ಲಿ ಪರಿಚಯವಾದ ‘ಹುಡುಗ’ನನ್ನು ನೋಡೋಕೆ ಅಮ್ಮನಿಗೆ ಹೇಳದೆ ಹೋಟೆಲಿಗೆ ಹೋಗುತ್ತಾಳೆ. ಅಲ್ಲಿರುವವನು ವಯಸ್ಸಾದ ಗಂಡಸು. ಗೆಳೆಯರು ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದರಿಂದ ಉಳಿಯುತ್ತಾಳೆ. ಸ್ವತಃ ಅಷ್ಟೆಲ್ಲ ಕಂಡ ಅಮ್ಮನಿಗೂ ಮಗಳು ಹೇಳಲಿಲ್ಲ ನೋಡಿ! ಇಲ್ಲಿ ಮಕ್ಕಳನ್ನು ಬೆಳೆಸಿದ ನನಗೆ ಗೊತ್ತಿರುವ ದೊಡ್ಡ ಅಪಾಯ ಇದೊಂದೇ. ಊರು ಹೊಸದು, ಅಜ್ಜಿ, ಅತ್ತೆ ಯಾರೂ ಹತ್ತಿರ ಇಲ್ಲ. ನಿಮಗೆ ಹೇಳದಿದ್ದರೆ ಅವಳು ಇನ್ಯಾರಿಗೆ ಹೇಳಬೇಕು?

ಮೊದಲು ಎಮ್ಮಾಳ ಕಂತು ಹಾಕಿ, ಆಮೇಲೆ ಹಳೆಯದಕ್ಕೆ ಹೋಗಿ. ಮಧ್ಯೆ ನಿಲ್ಲಿಸಿ ಬುದ್ಧಿ ಹೇಳೋಕೆ ಹೋಗಬೇಡಿ. ‘ಅಮ್ಮಾ, ಅವಳ ಜಾಗದಲ್ಲಿ ನಾನಿದ್ದಿದ್ರೆ ನೀನೇನು ಮಾಡ್ತಿದ್ದೆ?’ ಅಂತ ಅವಳು ಒಂದಲ್ಲ ಒಂದು ದಿನ ಕೇಳಬಹುದು. ಏನು ಹೇಳಬೇಕು ಅಂತ ನೀವೂ ನಿಮ್ಮ ಯಜಮಾನರೂ ಈಗಲೇ ಕೂತು ಮಾತಾಡಿಕೊಳ್ಳಿ.