ಓದುಗರ ಪ್ರಶ್ನೆ: ತೋಟ ಯಾರ ಹೆಸರಿಗೆ?

ಪ್ರಶ್ನೆ: ನನಗೆ 71 ವರ್ಷ, ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಮೂರು ಎಕರೆ ಅಡಿಕೆ ತೋಟ ಇದೆ. ಅದರಲ್ಲಿ ಎರಡು ಎಕರೆ 1987ರಲ್ಲಿ ಅಣ್ಣತಮ್ಮಂದಿರು ಪಾಲಾದಾಗ ನನ್ನ ಪಾಲಿಗೆ ಬಂದದ್ದು. ಒಂದು ಎಕರೆ 2003ರಲ್ಲಿ ಅಡಿಕೆ ದುಡ್ಡಿನಲ್ಲಿ ನಾನೇ ತೆಗೆದುಕೊಂಡದ್ದು. ಸಂಬಳ ಉಳಿಸಿ ಶಿವಮೊಗ್ಗದಲ್ಲಿ ಒಂದು ಸೈಟು ಮಾಡಿದ್ದೇನೆ. ದೊಡ್ಡ ಮಗ ಬೆಂಗಳೂರು, ಚಿಕ್ಕವನು ಅಮೆರಿಕ. ಇಬ್ಬರಿಗೂ ತೋಟ ಮಾಡುವುದು ಬೇಡ, ಮಾರುವುದೂ ಬೇಡ. ಮಗಳನ್ನು 2001ರಲ್ಲಿ ಪಕ್ಕದ ಊರಿಗೇ ಮದುವೆ ಮಾಡಿಕೊಟ್ಟಿದ್ದೇವೆ, ಈಗ ತೋಟದ ಮೇಲ್ವಿಚಾರಣೆ ಅವಳದ್ದೇ. ಅವಳಿಗೆ ಕೊಡುತ್ತೇನೆ ಅಂದರೆ ನೆಂಟರು ‘ಕೊಟ್ಟ ಹೆಣ್ಣಿಗೆ ತೋಟ ಯಾಕೆ’ ಅನ್ನುತ್ತಾರೆ. ವಿಲ್ ಬರೆಯಲಾ, ಈಗಲೇ ದಾನಪತ್ರ ಮಾಡಿಬಿಡಲಾ? ಟ್ಯಾಕ್ಸ್ ಬೀಳುತ್ತಾ? ಇನ್ನೊಂದು ಮಾತು. ಕೊಳೆರೋಗಕ್ಕೆ ಅರ್ಧ ಫಸಲು ಉದುರಿದ ವರ್ಷವೂ ನಮ್ಮ ತಂದೆ ಕೆಲಸದವರ ಕೂಲಿ ಬಾಕಿ ಇಟ್ಟವರಲ್ಲ. ಆ ಗುಣ ಮಕ್ಕಳಿಗೂ ಬರಬೇಕು ಅಂದರೆ ಏನು ಮಾಡಬೇಕು?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಕಡೆಯ ಪ್ರಶ್ನೆ ಕೇಳುವವರು ಬಹಳ ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೆಂಟರ ಮಾತು ಮುಗಿಸಿಬಿಡೋಣ. ‘ಕೊಟ್ಟ ಹೆಣ್ಣಿಗೆ’ ಅನ್ನುವ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟು ವರ್ಷಗಳೇ ಆದವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಮದುವೆ ಯಾವ ವರ್ಷ ಆಯಿತು ಅನ್ನುವುದು ಇದರಲ್ಲಿ ಲೆಕ್ಕಕ್ಕಿಲ್ಲ. ಇದರ ಬಗ್ಗೆ ಉಳಿದಿದ್ದ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಬಿಡಿಸಿದೆ. ಅಂದರೆ ಆ ಎರಡು ಎಕರೆಯಲ್ಲಿ ನೀವು ಮಗಳಿಗೆ ಏನನ್ನೋ ‘ಕೊಡುತ್ತಿಲ್ಲ’. ಅವಳ ಪಾಲು ಅಲ್ಲಿ ಇದ್ದೇ ಇದೆ. ಮುಂದಿನ ಸಲ ನೆಂಟರು ಕೇಳಿದಾಗ ಇಷ್ಟೇ ಹೇಳಿ, ಸಾಕು.

ಇದರ ಇನ್ನೊಂದು ಮುಖವೂ ನಿಮಗೆ ಗೊತ್ತಿರಬೇಕು. ಪಾಲುಪಟ್ಟಿಯಲ್ಲಿ ಬಂದ ಆ ಎರಡು ಎಕರೆಯನ್ನು ಪೂರ್ತಿಯಾಗಿ ಒಬ್ಬರ ಹೆಸರಿಗೆ ವಿಲ್ ಬರೆಯಲು ನಿಮಗೆ ಬರುವುದಿಲ್ಲ. ಅದರಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟಕ್ಕೆ ಮಾತ್ರ ಬರೆಯಬಹುದು. ಸಂಬಳದಲ್ಲಿ ಮಾಡಿದ ಸೈಟು ನಿಮ್ಮ ಸ್ವಂತದ್ದು, ಯಾರಿಗೆ ಬೇಕಾದರೂ ಬರೆಯಿರಿ. ಆದರೆ 2003ರಲ್ಲಿ ಕೊಂಡ ಒಂದು ಎಕರೆ ಇದೆಯಲ್ಲ, ಅದರ ಬಗ್ಗೆ ಹುಷಾರು. ಪಿತ್ರಾರ್ಜಿತ ತೋಟದ ಹುಟ್ಟುವಳಿಯಿಂದ ಕೊಂಡದ್ದು ಅಂತ ನೀವೇ ಬರೆದಿದ್ದೀರಿ. ‘ಹಾಗಾದರೆ ಅದೂ ಕುಟುಂಬದ್ದೇ’ ಅಂತ ನಾಳೆ ಮಕ್ಕಳಲ್ಲಿ ಯಾರಾದರೂ ವಾದ ಮಾಡಬಹುದು. ಎಷ್ಟೋ ಮನೆಗಳ ಕೇಸು ಹುಟ್ಟುವುದೇ ಇಂಥ ಒಂದು ಎಕರೆಯಿಂದ.

ಇನ್ನು ಪಾಲು ಮಾಡುವ ಬಗೆ. ಎರಡು ಎಕರೆ ಅಂದರೆ 80 ಗುಂಟೆ. ನೀವು, ಮೂವರು ಮಕ್ಕಳು ಅಂತ ನಾಲ್ಕು ಪಾಲು ಹಿಡಿದರೆ ತಲಾ 20 ಗುಂಟೆ. (ನಿಮ್ಮ ಪತ್ನಿಗೆ ಬರಬೇಕಾದದ್ದನ್ನು ಪಾಲುಪಟ್ಟಿ ಬರೆಯುವ ಮೊದಲೇ ವಕೀಲರ ಹತ್ತಿರ ಕೂತು ಇತ್ಯರ್ಥ ಮಾಡಿಕೊಳ್ಳಿ, ಅವರ ಹೆಸರು ನಿಮ್ಮ ಪತ್ರದಲ್ಲಿ ಎಲ್ಲೂ ಬರಲೇ ಇಲ್ಲ, ಅದು ನನಗೆ ಸ್ವಲ್ಪ ಚುಚ್ಚಿತು.) ಆ 20 ಗುಂಟೆಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಯಾರು ಹುಡುಕಿ ಕರೆಸುತ್ತಾರೆ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾರು ಹೊಡೆಸುತ್ತಾರೆ? ಒಬ್ಬರು ಹೊಡೆಸಿ ಪಕ್ಕದವರು ಬಿಟ್ಟರೆ ಕೊಳೆ ಬೇಲಿ ನೋಡಿ ನಿಲ್ಲುತ್ತದೆಯೇ? ತೋಟವನ್ನು ತುಂಡು ಮಾಡಬೇಡಿ. ತೋಟ ಮಗಳಿಗೆ, ಸೈಟು ಗಂಡುಮಕ್ಕಳಿಗೆ, ಬೆಲೆಯಲ್ಲಿ ಹೆಚ್ಚುಕಡಿಮೆ ಆದದ್ದನ್ನು ಹಣದಲ್ಲಿ ಸರಿಮಾಡಿ, ನೀವು ಇರುವಾಗಲೇ ಎಲ್ಲರೂ ಸಹಿ ಹಾಕಿದ ಪಾಲುಪಟ್ಟಿ ರಿಜಿಸ್ಟರ್ ಮಾಡಿಸಿ. ಅಮೆರಿಕದ ಮಗನಿಗೆ ಬರಲು ಆಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಅಧಿಕಾರಪತ್ರ ಕಳಿಸಬಹುದು. ಪಾಲುಪಟ್ಟಿಯಲ್ಲಿ ಕೊನೆ ಹೊರುವ ದಾರಿ ಯಾವುದು, ಬಾವಿಯ ನೀರು ಯಾರಿಗೆ, ಪಂಪ್‌ಸೆಟ್ ಕರೆಂಟ್ ಯಾರ ಹೆಸರಿನಲ್ಲಿ, ಸೊಸೈಟಿ ಸಾಲ ಎಷ್ಟಿದೆ, ಅದನ್ನು ಯಾರು ತೀರಿಸಬೇಕು ಎಲ್ಲವೂ ಇರಲಿ. ಮಗಳು ಎಂದಾದರೂ ತೋಟ ಮಾರುವುದಾದರೆ ಅಣ್ಣಂದಿರನ್ನು ಮೊದಲು ಕೇಳಬೇಕು ಅಂತಲೂ ಬರೆಸಿ. ಗಂಡುಮಕ್ಕಳು ‘ಮಾರುವುದು ಬೇಡ’ ಅನ್ನುತ್ತಿರುವುದು ಹಣಕ್ಕಲ್ಲ ಅಂತ ನನಗೆ ಅನ್ನಿಸುತ್ತದೆ. ರಜೆಗೆ ಬಂದಾಗ ಹೋಗಿ ನಿಲ್ಲಲು ಅವರಿಗೆ ಒಂದು ತೋಟ ಬೇಕು. ಅದು ತಪ್ಪಲ್ಲ.

ವಿಲ್ಲೋ ದಾನಪತ್ರವೋ ಅಂದರೆ ನಿಮ್ಮ ಸ್ವಂತದ್ದಕ್ಕೆ, ಮತ್ತೆ ಪಾಲಾದ ಮೇಲೆ ನಿಮಗೆ ಉಳಿದದ್ದಕ್ಕೆ ವಿಲ್. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳು ನಿಮ್ಮ ಕಣ್ಣೆದುರು ಸಹಿ ಮಾಡಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಹಾಕಬೇಡಿ, ಸುಮ್ನೆ ಅನುಮಾನಕ್ಕೆ ದಾರಿ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಾಡಿಸಿ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕಡೆಯದ್ದೇ ನಿಲ್ಲುತ್ತದೆ. ದಾನಪತ್ರ ಹಾಗಲ್ಲ. ಇಂದು ರಿಜಿಸ್ಟರ್ ಆದರೆ ಇಂದೇ ಕೈಬಿಟ್ಟ ಹಾಗೆ. ಮಾಡಲೇಬೇಕು ಅಂತಿದ್ದರೆ ‘ನಮ್ಮಿಬ್ಬರನ್ನು ಕಡೆಯವರೆಗೆ ನೋಡಿಕೊಳ್ಳಬೇಕು’ ಅನ್ನುವ ಷರತ್ತು ಪತ್ರದಲ್ಲೇ ಸ್ಪಷ್ಟವಾಗಿ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇರುವುದು ಇದಕ್ಕೇ. ಷರತ್ತು ಮುರಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಿ ಆ ದಾನವನ್ನು ರದ್ದು ಮಾಡಿಸಲು ಅವಕಾಶ ಇದೆ. ನಿಮ್ಮ ಮಗಳು ಹಾಗೆ ಮಾಡುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಆದರೆ ವಕೀಲಳಾಗಿ ಇಂಥ ಷರತ್ತು ಇಲ್ಲದ ಪತ್ರಗಳನ್ನು ಎದುರಿಗಿಟ್ಟುಕೊಂಡು ಅತ್ತ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಟ್ಯಾಕ್ಸ್ ಚಿಂತೆ ಬಿಡಿ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು, ಹೆತ್ತವರಿಂದ ಮಕ್ಕಳಿಗೆ ಬಂದದ್ದಕ್ಕೆ ಆದಾಯ ತೆರಿಗೆ ಇಲ್ಲ.

ಈಗ ನಿಮ್ಮ ತಂದೆಯವರ ಗುಣದ ಮಾತು.

ನಮ್ಮ ಅಜ್ಜನ ಮನೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ನೀರು ತುಂಬುವ ಹಬ್ಬದ ದಿನ ಅಜ್ಜಿ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಮಧ್ಯಾಹ್ನವೆಲ್ಲ ತಿಕ್ಕುತ್ತಿದ್ದರು. ಕಂಠದ ಹತ್ತಿರ ಒಂದು ಕಡೆ ತಗ್ಗಾಗಿತ್ತು, ನಮ್ಮ ದೊಡ್ಡಪ್ಪ ಚಿಕ್ಕವರಿದ್ದಾಗ ಬಾವಿಕಟ್ಟೆಯಿಂದ ಉರುಳಿಸಿದ್ದರಂತೆ. ಅಜ್ಜ ಜಮೀನು, ಮನೆ, ಕೊಟ್ಟಿಗೆ ಎಲ್ಲ ಅಳೆದು ಬರೆದಿಟ್ಟು ಹೋದರು. ಹಂಡೆಯ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಎಕರೆಗಟ್ಟಲೆ ಜಮೀನನ್ನು ತಕರಾರಿಲ್ಲದೆ ಹಂಚಿಕೊಂಡ ಮೂವರು ಅಣ್ಣತಮ್ಮಂದಿರು ಆ ಹಂಡೆಗಾಗಿ ಹನ್ನೊಂದು ವರ್ಷ ಮಾತು ಬಿಟ್ಟರು. ನಾನು ಹೋದಾಗಲೆಲ್ಲ ಅದು ಹಳೇ ಬಚ್ಚಲಿನಲ್ಲಿ ಹಸಿರು ಕಿಲುಬು ಹಿಡಿದು ಕೂತಿರುತ್ತಿತ್ತು. ಅದರ ಬೆಲೆಗೆ ಜಗಳ ಆದದ್ದಲ್ಲ. ಅಪ್ಪನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಇತ್ತು ಅನ್ನುವುದನ್ನು ಮೂವರೂ ಆ ಹಂಡೆಯಲ್ಲಿ ಹುಡುಕುತ್ತಿದ್ದರು.

ಹಾಗಾಗಿ ನನ್ನ ಮಾತು ಒಂದೇ. ಬಾಯಿಬಿಟ್ಟು ಹೇಳಿ. ನೀವು ಇರುವಾಗ, ಮೂವರನ್ನೂ ಒಟ್ಟಿಗೆ ಕೂರಿಸಿ, ಅಮೆರಿಕದವನನ್ನು ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಂಡು, ಹಂಡೆ, ಪೆಟ್ಟಿಗೆ, ದೇವರ ಮಂಟಪದವರೆಗೂ ಯಾವುದು ಯಾರಿಗೆ, ಯಾಕೆ ಅಂತ ಹೇಳಿ. ಮಗಳಿಗೆ ಒಂದು ಮಾತು, ಮಗನಿಗೆ ಇನ್ನೊಂದು ಮಾತು ಬೇಡ.

ಆಮೇಲೆ ಈ ಕೊಯ್ಲಿಗೆ ಇಬ್ಬರು ಗಂಡುಮಕ್ಕಳನ್ನೂ ಒಂದು ವಾರ ಕರೆಸಿ. ನೋಡುವುದಕ್ಕೆ ಅಲ್ಲ. ಲೆಕ್ಕದ ಪುಸ್ತಕ ಅವರ ಕೈಗೆ ಕೊಡಿ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರ ಲೆಕ್ಕ ಅವರೇ ಬರೆಯಲಿ, ಕೂಲಿ ಅವರೇ ಎಣಿಸಿ ಕೊಡಲಿ. ಯಾರ ಬೆರಳು ಅಡಿಕೆಯ ಚೊಗರಿಗೆ ಎಷ್ಟು ಕಪ್ಪಾಗಿದೆ ಅನ್ನುವುದು ದುಡ್ಡು ಕೊಡುವ ಹೊತ್ತಿನಲ್ಲಿ ಕಾಣುತ್ತದೆ, ದೂರದಿಂದ ಕಾಣುವುದಿಲ್ಲ. ಕೊಳೆ ಬಂದ ಆ ವರ್ಷದ ಪುಟ ನಿಮ್ಮ ತಂದೆಯವರ ಪುಸ್ತಕದಲ್ಲಿ ಇನ್ನೂ ಇದ್ದರೆ ತೆಗೆದು ತೋರಿಸಿ. ಕೂಲಿ ಕೊಡಲು ಎಲ್ಲಿಂದ ಸಾಲ ತಂದರು, ಅದನ್ನು ಎಷ್ಟು ವರ್ಷ ತೀರಿಸಿದರು, ಮನೆಯಲ್ಲಿ ಏನು ಬಿಟ್ಟರು ಅನ್ನುವುದು ಅಂಕಿಯಲ್ಲೇ ಇರುತ್ತದೆ. ‘ನಿಮ್ಮಜ್ಜ ದೊಡ್ಡ ಮನಸ್ಸಿನವರು’ ಅಂತ ನೂರು ಸಲ ಹೇಳುವುದಕ್ಕಿಂತ ಆ ಒಂದು ಪುಟ ಜಾಸ್ತಿ ಹೇಳುತ್ತದೆ.

ಕೊನೆಗೆ, ವಿಲ್ ಜೊತೆ ಒಂದು ಕಾಗದ ಬರೆದಿಡಿ. ಕಾನೂನಿಗೆ ಅದು ಬೇಕಿಲ್ಲ. ನಿಮ್ಮ ತೋಟದಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ಬರುತ್ತಿರುವವರು ಯಾರು, ಯಾರ ಮನೆಯ ಮಗುವಿನ ಫೀಸು ನೀವು ಕಟ್ಟುತ್ತಿದ್ದೀರಿ, ಯಾರಿಗೆ ಕೊಟ್ಟ ಮಾತು ಇನ್ನೂ ಬಾಕಿ ಇದೆ ಅಂತ ಹೆಸರು ಹಿಡಿದು ಬರೆಯಿರಿ. ಮೇಷ್ಟ್ರ ಅಕ್ಷರ ಅಲ್ವಾ, ಮಕ್ಕಳು ಎಸೆಯುವುದಿಲ್ಲ.

ಪ್ರಶ್ನೆ: ನಮ್ಮ ತಂದೆ 2019ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಅಮ್ಮ, ಇಬ್ಬರು ಅಣ್ಣಂದಿರು ಮತ್ತು ನಾನು ಇದ್ದೇವೆ. ಅಣ್ಣಂದಿರು ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಮಾಡಿಸಬೇಕು, ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು, ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ಕೊಡುತ್ತೇವೆ ಅಂತಾರೆ. ಹಾಕದಿದ್ದರೆ ತವರು ತಪ್ಪಿ ಹೋಗುತ್ತದೆ ಅನ್ನುವ ಭಯ. ಏನು ಮಾಡಲಿ?
– ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ತಂಗಿ, ಒಂದು ವಿಷಯ ಗೊತ್ತಿರಲಿ. ಪೌತಿ ಖಾತೆ ಆಗಲು ನೀವು ಹಕ್ಕು ಬಿಡಬೇಕು ಅಂತ ಎಲ್ಲೂ ಇಲ್ಲ. ವಂಶವೃಕ್ಷದಲ್ಲಿ ನಿಮ್ಮ ಹೆಸರೂ ಬರಬೇಕು, ಪಹಣಿಯಲ್ಲಿ ನಾಲ್ವರ ಹೆಸರೂ ಜಂಟಿಯಾಗಿ ಬರಬಹುದು. ಖಾತೆಯನ್ನೂ ಹಕ್ಕು ಬಿಡುಗಡೆಯನ್ನೂ ಬೆರೆಸಿ ಹೇಳಿದಾಗ ಹೆಣ್ಣುಮಕ್ಕಳು ನಂಬಿ ಸಹಿ ಹಾಕಿಬಿಡುತ್ತಾರೆ.

ತಂದೆಯ ಸ್ವಂತ ಆಸ್ತಿಯಾಗಿದ್ದರೆ ನಾಲ್ವರಿಗೂ ಸಮಪಾಲು, ನಿಮ್ಮದು ನಾಲ್ಕರಲ್ಲಿ ಒಂದು. ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ, ಆದರೆ ಅಲ್ಲೂ ನೀವು ಅಣ್ಣಂದಿರಿಗೆ ಸಮ. ಮೊದಲು ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಏನೇನಿದೆ ನೋಡಿ. ಈಗಿನ ಬೆಲೆ ವಿಚಾರಿಸಿ. ಬಿಡುಗಡೆ ಪತ್ರ ಒಮ್ಮೆ ರಿಜಿಸ್ಟರ್ ಆದರೆ ವಾಪಸ್ ಪಡೆಯುವುದು ಬಹಳ ಕಷ್ಟ.

ಎಲ್ಲ ತಿಳಿದ ಮೇಲೂ ‘ಅಣ್ಣ ಕಷ್ಟದಲ್ಲಿದ್ದಾನೆ, ನನ್ನ ಪಾಲು ಅವನಿಗಿರಲಿ’ ಅನ್ನಿಸಿದರೆ ಖುಷಿಯಿಂದ ಬಿಟ್ಟುಕೊಡಿ, ಅದು ನಿಮ್ಮ ದೊಡ್ಡತನ. ಹೆದರಿ ಬಿಡಬೇಡಿ. ಸಹಿ ಹಾಕಿದರೆ ಮಾತ್ರ ಉಳಿಯುವ ತವರು ಮುಂದಿನ ಗೌರಿ ಹಬ್ಬದವರೆಗೆ ಉಳಿಯುತ್ತದೆ ಅಂತ ಯಾರು ಹೇಳುತ್ತಾರೆ? ನಿಮಗೆ ಮಗಳಿದ್ದರೆ ಅವಳು ಇದನ್ನೆಲ್ಲ ನೋಡುತ್ತಿರುತ್ತಾಳೆ. ಅಮ್ಮನನ್ನೂ ಮರೆಯಬೇಡಿ. ಅವರ ಪಾಲು ಅವರ ಹೆಸರಿನಲ್ಲೇ ಉಳಿಯುವಂತೆ ನೀವು ಪಟ್ಟು ಹಿಡಿಯಿರಿ, ಅಣ್ಣಂದಿರ ಹತ್ತಿರ ಮಾತು ಅಲ್ಲಿಂದಲೇ ಶುರುವಾಗಲಿ.

ಪ್ರಶ್ನೆ: ಅಪ್ಪನ ಬ್ಯಾಂಕ್ ಎಫ್‌ಡಿಗೆ ನಾನೇ ನಾಮಿನಿ. ವಿಲ್ ಇಲ್ಲ, ಅಮ್ಮ ಮೊದಲೇ ಹೋಗಿದ್ದಾರೆ. ದುಡ್ಡು ನನ್ನದೇ ಅಲ್ವಾ? ಅಕ್ಕ ಪಾಲು ಕೇಳುತ್ತಿದ್ದಾಳೆ.
– ಹುಬ್ಬಳ್ಳಿಯ ಓದುಗರು

ಉತ್ತರ: ಅಲ್ಲ. ಬ್ಯಾಂಕ್ ದುಡ್ಡು ಯಾರ ಕೈಗೆ ಕೊಡಬೇಕು ಅನ್ನುವುದಕ್ಕಷ್ಟೇ ನಾಮಿನಿ. ವಾರಸುದಾರರಿಗೆ ಹಂಚುವ ಜವಾಬ್ದಾರಿ ನಿಮ್ಮದು. ಷೇರುಗಳಿಗೂ ಹೀಗೇ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ನಾಮಿನಿ ಆದ ಗಂಡ, ಹೆಂಡತಿ, ಮಕ್ಕಳು, ಹೆತ್ತವರಿಗೆ ಆ ಹಣದ ಮೇಲೆ ಹಕ್ಕು ಬರುತ್ತದೆ. ನಿಮ್ಮದು ಎಫ್‌ಡಿ. ನೀವಿಬ್ಬರೇ ಮಕ್ಕಳಾದರೆ ಅರ್ಧ ಅಕ್ಕನದ್ದು. ಆಸ್ಪತ್ರೆಗೆ, ಕ್ರಿಯೆಗೆ ನೀವು ಖರ್ಚು ಮಾಡಿದ್ದರೆ ರಸೀದಿ ಇಟ್ಟು ತೋರಿಸಿ, ಅದನ್ನು ಕಳೆದು ಉಳಿದದ್ದು ಹಂಚಿಕೊಳ್ಳಬಹುದು. ಅಕ್ಕ ಎರಡನೇ ಸಲ ಕೇಳುವಂತೆ ಮಾಡಬೇಡಿ, ಇವತ್ತು ಸಂಜೆಯೇ ಫೋನ್ ಮಾಡಿ.