ಸೆಟಪ್ ಅರ್ಧಕ್ಕೇ ಕೈಕೊಟ್ರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಲೆಕ್ಕ ಬರೆಯೋ ಒಂದು ಸಾಫ್ಟ್‌ವೇರ್ ಹಾಕ್ಬೇಕು ಅಂತ ಮೂರು ದಿನದಿಂದ ಒದ್ದಾಡ್ತಾ ಇದ್ದೀನಿ. ಸೆಟಪ್ ಮುಕ್ಕಾಲು ಭಾಗ ಚೆನ್ನಾಗೇ ಹೋಗತ್ತೆ, ಆಮೇಲೆ ಆ ಹಸಿರು ಪಟ್ಟಿ ಹಿಂದಕ್ಕೆ ಸರಿಯೋಕೆ ಶುರುವಾಗಿ ಕೊನೆಗೆ 1603 ಫೇಟಲ್ ಎರರ್ ಅಂತ ಬರತ್ತೆ. ಒಬ್ರು ಆಂಟಿವೈರಸ್ ಕಿತ್ತಾಕು ಅಂತಾರೆ, ಇನ್ನೊಬ್ರು ಫಾರ್ಮ್ಯಾಟ್ ಹೊಡಿ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ, ಅದೇ ಕಾರಣ ಹೊಸ ವಿಂಡೋಸಲ್ಲೂ ಇದ್ರೆ ಮತ್ತೆ ಅದೇ ಎರರ್ ಬರತ್ತೆ. 1603 ಅಂದ್ರೆ ‘ಆಗ್ಲಿಲ್ಲ’ ಅಂತ ಅಷ್ಟೇ, ಯಾಕಾಗ್ಲಿಲ್ಲ ಅನ್ನೋದನ್ನ ಆ ನಂಬರ್ ಹೇಳೋದೇ ಇಲ್ಲ. ವಿಂಡೋಸ್ ಇನ್‌ಸ್ಟಾಲರ್ ಯಾವುದೋ ಒಂದು ಹಂತದಲ್ಲಿ ಎಡವಿದ್ರೆ ಅಲ್ಲಿವರೆಗೂ ಹಾಕಿದ ಫೈಲ್‌ಗಳನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆಯತ್ತೆ, ನೀವು ನೋಡಿದ ಹಿಂದೆ ಸರಿಯೋ ಪಟ್ಟಿ ಅದೇ, ಎಲ್ಲ ತೆಗೆದು ಮುಗಿದ ಮೇಲೆ ಈ ನಂಬರ್ ತೋರಿಸಿ ಕೈತೊಳ್ಕೊಳತ್ತೆ.

ಎಡವಿದ್ದೆಲ್ಲಿ ಅಂತ ಲಾಗ್ ಫೈಲಲ್ಲಿ, ಅಂದ್ರೆ ಸೆಟಪ್ ತಾನು ಮಾಡಿದ್ದನ್ನೆಲ್ಲ ಬರೆದಿಡೋ ಫೈಲಲ್ಲಿ, ಸಿಗತ್ತೆ. ರನ್ ಬಾಕ್ಸ್ (ವಿಂಡೋಸ್ ಕೀ ಜೊತೆ ಆರ್ ಒತ್ತಿದ್ರೆ ಬರತ್ತೆ) ತೆಗೆದು ಒಂದು ಪರ್ಸೆಂಟ್ ಚಿಹ್ನೆ, ಇಂಗ್ಲಿಷಲ್ಲಿ ಟೆಂಪ್, ಮತ್ತೊಂದು ಪರ್ಸೆಂಟ್ ಚಿಹ್ನೆ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್‌ಗಳನ್ನ ಡೇಟ್ ಪ್ರಕಾರ ಜೋಡಿಸಿದ್ರೆ ಈಗಷ್ಟೇ ಹುಟ್ಟಿದ ಲಾಗ್ ಮೇಲೇ ಇರತ್ತೆ, ಎಷ್ಟೋ ಇನ್‌ಸ್ಟಾಲರ್‌ಗಳು ಅಲ್ಲೇ ಬರೆದಿಡೋದು. ಅದನ್ನ ನೋಟ್‌ಪ್ಯಾಡಲ್ಲಿ ತೆಗೆದು ‘ರಿಟರ್ನ್ ವ್ಯಾಲ್ಯೂ 3’ ಅನ್ನೋದನ್ನ ಇಂಗ್ಲಿಷಲ್ಲಿ ಹುಡುಕಿ. ಮೊದಲು ಸಿಗೋ ಜಾಗದಲ್ಲೇ ನಿಲ್ಲಿ, ಅದರ ಮೇಲಿನ ಹತ್ತಿಪ್ಪತ್ತು ಸಾಲಲ್ಲಿ ನಿಜವಾದ ಕಾರಣ ಇರತ್ತೆ. ಲಾಗ್ ಸಿಗಲಿಲ್ಲ ಅಂದ್ರೆ ವಿಂಡೋಸಿನ ಘಟನೆಗಳ ದಾಖಲೆ ತೋರಿಸೋ ಈವೆಂಟ್ ವ್ಯೂವರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್, ಅಲ್ಲಿ ಎಂಎಸ್‌ಐ ಇನ್‌ಸ್ಟಾಲರ್ ಹೆಸರಲ್ಲಿರೋ ಕೆಂಪು ಗುರುತುಗಳನ್ನ ನೋಡಿ.

ಒಂದು ಕಾರಣ ಮಾತ್ರ ಲಾಗ್ ನೋಡೋ ಮುಂಚೆನೇ ಪರೀಕ್ಷೆ ಮಾಡ್ಬಹುದು. ‘ನಾನೇ ಅಡ್ಮಿನ್, ನಂಗೆ ಪರ್ಮಿಷನ್ ಇಲ್ದೇ ಇರತ್ತಾ’ ಅಂತ ಎಲ್ರೂ ಕೇಳ್ತಾರೆ, ಆದ್ರೆ ಫೈಲ್ ಹಾಕೋದು ನೀವಲ್ಲ, ‘ಸಿಸ್ಟಮ್’ ಅನ್ನೋ ಅಕೌಂಟಲ್ಲಿ ಹಿನ್ನೆಲೆಯಲ್ಲಿ ಓಡೋ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ಸು. ಸಾಫ್ಟ್‌ವೇರ್ ಹೋಗಬೇಕಾದ ಫೋಲ್ಡರಿನ ಪ್ರಾಪರ್ಟೀಸಲ್ಲಿ ಸೆಕ್ಯುರಿಟಿ ಟ್ಯಾಬ್ ತೆಗೆದು ಸಿಸ್ಟಮ್‌ಗೆ ಫುಲ್ ಕಂಟ್ರೋಲ್ ಇದೆಯಾ ನೋಡಿ. ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ರೂ ಇದೇ ಕಥೆ. ಸೆಟಪ್ ಫೈಲ್ ನೆಟ್‌ವರ್ಕ್ ಡ್ರೈವಲ್ಲಿದ್ರೆ ಸಿ ಡ್ರೈವಿಗೆ ಕಾಪಿ ಮಾಡ್ಕೊಂಡು ಓಡ್ಸಿ, ಯಾಕಂದ್ರೆ ನಿಮಗೆ ಕಾಣೋ ಡ್ರೈವ್ ಆ ಸರ್ವಿಸ್ಸಿಗೆ ಕಾಣದೇ ಇರಬಹುದು.

ಪ್ರಶ್ನೆ: 1618 ಎರರ್, ಇನ್ನೊಂದು ಇನ್‌ಸ್ಟಾಲ್ ನಡೀತಿದೆ ಅಂತ ಬರತ್ತೆ. ಬೇರೆ ಏನೂ ಇನ್‌ಸ್ಟಾಲ್ ಮಾಡ್ತಾ ಇಲ್ಲ, ಆಣೆಗೂ.

ಉತ್ತರ: ನೀವು ಮಾಡ್ತಿಲ್ಲ, ಹಿಂದೆ ಯಾವುದೋ ಅಪ್‌ಡೇಟ್ ಮಾಡ್ತಾ ಇದೆ. ವಿಂಡೋಸ್ ಇನ್‌ಸ್ಟಾಲರ್ ಒಂದು ಸಲಕ್ಕೆ ಒಂದೇ ಕೆಲಸ ತಗೊಳತ್ತೆ. ಸ್ವಲ್ಪ ಹೊತ್ತು ಬಿಡಿ, ಆಗ್ಲೂ ಬಂದ್ರೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನಲ್ಲಿ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗಲ್ಲ.

ಪ್ರಶ್ನೆ: ಒಂದು ಪ್ರೋಗ್ರಾಂ ಓಪನ್ ಮಾಡಿದ್ರೆ ವಿಸಿರನ್‌ಟೈಮ್140 ಡಿಎಲ್‌ಎಲ್ (ಹಲವು ಪ್ರೋಗ್ರಾಂಗಳು ಹಂಚ್ಕೊಳ್ಳೋ ಕೋಡ್ ಫೈಲ್) ಇಲ್ಲ ಅಂತು. ನೆಟ್ಟಲ್ಲಿ ಆ ಒಂದೇ ಫೈಲ್ ಸಿಕ್ತು, ಸಿಸ್ಟಮ್32 ಫೋಲ್ಡರಿಗೆ ಹಾಕ್ದೆ, ರಿಪ್ಲೇಸ್ ಮಾಡ್ಲಾ ಅಂತ ಕೇಳ್ತು, ಹೂಂ ಅಂದೆ. ಈಗ ಅದೂ ಓಪನ್ ಆಗ್ತಿಲ್ಲ, ಚೆನ್ನಾಗಿದ್ದ ಇನ್ನೆರಡು ಪ್ರೋಗ್ರಾಂ ಕೂಡ 0ಎಕ್ಸ್‌ಸಿ000007ಬಿ ಅಂತಿವೆ.

ಉತ್ತರ: ‘ರಿಪ್ಲೇಸ್ ಮಾಡ್ಲಾ’ ಅಂತ ಕೇಳ್ತು ಅಂದ್ರೆ ಆ ಫೈಲ್ ಅಲ್ಲಿ ಮೊದಲೇ ಇತ್ತು ಅಂತಾಯ್ತಲ್ಲ! ಇದ್ದದ್ದನ್ನೇ ಇಲ್ಲ ಅಂದಿದ್ದು ಯಾಕೆ ಅಂದ್ರೆ, ನಿಮ್ಮ ಪ್ರೋಗ್ರಾಂ 32 ಬಿಟ್‌ದು ಅಂತ ಕಾಣತ್ತೆ. 32 ಬಿಟ್, 64 ಬಿಟ್ ಅಂತ ಪ್ರೋಗ್ರಾಂಗಳಲ್ಲಿ ಎರಡು ಜಾತಿ, ಒಂದರ ಡಿಎಲ್‌ಎಲ್ ಇನ್ನೊಂದಕ್ಕೆ ಆಗಲ್ಲ. ವಿಂಡೋಸಲ್ಲಿ ಒಂದು ವಿಚಿತ್ರ ಇದೆ: 64 ಬಿಟ್ ವಿಂಡೋಸಲ್ಲಿ ಸಿಸ್ಟಮ್32 ಅನ್ನೋ ಫೋಲ್ಡರಲ್ಲಿರೋದು 64 ಬಿಟ್ ಫೈಲ್‌ಗಳು, 32 ಬಿಟ್ ಫೈಲ್‌ಗಳಿರೋದು ಹೆಸರಲ್ಲೇ 64 ಇಟ್ಕೊಂಡಿರೋ ಸಿಸ್‌ವೌ64 ಅನ್ನೋ ಫೋಲ್ಡರಲ್ಲಿ. ಹಳೇ ಪ್ರೋಗ್ರಾಂಗಳು ಕೆಡಬಾರ್ದು ಅಂತ ಹೆಸರು ಬದಲಾಯಿಸದೇ ಬಿಟ್ಟಿದ್ದು, ಅದರಲ್ಲಿ ಎಡವೋದು ಮಾತ್ರ ನಾವು. ನೀವು 32 ಬಿಟ್ ಡಿಎಲ್‌ಎಲ್ ತಂದು 64ರ ಮನೆಯಲ್ಲಿ ಕೂರಿಸಿದ್ರಿ, ಹುಡುಕ್ತಿದ್ದವನಿಗೆ ಅದು ಸಿಗಲಿಲ್ಲ, ಸಿಕ್ಕವರಿಗೆ ಅದು ಹಿಡಿಸಲಿಲ್ಲ. ಆ ಉದ್ದದ ನಂಬರಿಗೆ ಅರ್ಥ ಅದೇ, 32 ಮತ್ತೆ 64 ಕಲಸಿಹೋಗಿದೆ ಅಂತ.

ಈಗ ಸಿಸ್ಟಮ್32ರಿಂದ ಆ ಫೈಲನ್ನ ಡಿಲೀಟ್ ಮಾಡಿ. ಮೈಕ್ರೋಸಾಫ್ಟ್ ಸೈಟಿಂದಲೇ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ (ಇಂಥ ಡಿಎಲ್‌ಎಲ್‌ಗಳ ಅಧಿಕೃತ ಕಟ್ಟು) ಇಳಿಸ್ಕೊಳ್ಳಿ, ಎಕ್ಸ್86 (32 ಬಿಟ್‌ದು) ಮತ್ತೆ ಎಕ್ಸ್64 (64 ಬಿಟ್‌ದು) ಎರಡೂ ಬೇಕು, 64 ಬಿಟ್ ಮಷೀನ್ ಅಲ್ವಾ ಒಂದು ಸಾಕು ಅನ್ಕೊಂಡೇ ಎಲ್ರೂ ಕೆಡಿಸ್ಕೊಳ್ಳೋದು. ಮೊದಲೇ ಇದೆ ಅಂದ್ರೆ ರಿಪೇರ್ ಒತ್ತಿ. 2015ರಿಂದ 2022ರವರೆಗಿನ ವಿಷುವಲ್ ಸ್ಟುಡಿಯೋಗಳಲ್ಲಿ (ಪ್ರೋಗ್ರಾಂ ಬರೆಯೋ ಸಾಧನ) ಮಾಡಿದ ಪ್ರೋಗ್ರಾಂಗಳಿಗೆಲ್ಲ ಒಂದೇ ಪ್ಯಾಕೇಜ್ ಸಾಕು, 2010 ಮತ್ತೆ 2013ಕ್ಕೆ ಬೇರೆ ಬೇರೆ. ಒಂಟಿ ಡಿಎಲ್‌ಎಲ್ ಹಂಚೋ ಸೈಟುಗಳ ಸಹವಾಸ ಬಿಡಿ, ಆ ಫೈಲೊಳಗೆ ಇನ್ನೇನಿದೆ ಅಂತ ಯಾರಿಗೆ ಗೊತ್ತು.

ಪ್ರಶ್ನೆ: ಸಿ ಡ್ರೈವ್ ತುಂಬಿತ್ತು. ವಿಂಡೋಸ್ ಒಳಗಿದ್ದ ಇನ್‌ಸ್ಟಾಲರ್ ಅನ್ನೋ ದೊಡ್ಡ ಫೋಲ್ಡರ್ ಖಾಲಿ ಮಾಡ್ದೆ. ಈಗ ಹಳೇ ಸಾಫ್ಟ್‌ವೇರ್ ತೆಗೆಯೋಕೂ ಆಗ್ತಿಲ್ಲ, ಅದರ ಹೊಸ ವರ್ಷನ್ ಹಾಕೋಕೂ ಬಿಡ್ತಿಲ್ಲ.

ಉತ್ತರ: ಒಂದು ಕಾಲದಲ್ಲಿ ನಾನೂ ಇದೇ ಘನಕಾರ್ಯ ಮಾಡಿ ಒಂದು ಭಾನುವಾರ ಪೂರ್ತಿ ಕಳೆದಿದ್ದೀನಿ. ಅದು ಕಸ ಅಲ್ಲ. ಹಾಕಿದ ಒಂದೊಂದು ಎಂಎಸ್‌ಐ ಪ್ಯಾಕೇಜಿಂದೂ (ವಿಂಡೋಸ್ ಇನ್‌ಸ್ಟಾಲರಿನ ಸೆಟಪ್ ಫೈಲ್) ಒಂದು ಪ್ರತಿ ಅಲ್ಲಿರತ್ತೆ, ಅನ್‌ಇನ್‌ಸ್ಟಾಲ್ ಮಾಡೋವಾಗ ಏನೇನು ತೆಗೀಬೇಕು ಅಂತ ವಿಂಡೋಸ್ ಅದನ್ನೇ ನೋಡೋದು. ರೀಸೈಕಲ್ ಬಿನ್ನಲ್ಲಿ ಇನ್ನೂ ಇದ್ರೆ ಈಗ್ಲೇ ರಿಸ್ಟೋರ್ ಮಾಡಿ. ಇಲ್ಲಾಂದ್ರೆ ಹಳೇ ವರ್ಷನ್ನಿನ ಸೆಟಪ್ಪನ್ನೇ, ಅದೇ ನಂಬರಿಂದು, ಹುಡುಕಿ ಓಡಿಸಿ, ಅದರಿಂದ್ಲೇ ರಿಮೂವ್ ಮಾಡಿ, ಆಮೇಲೆ ಹೊಸದು ಹಾಕಿ. ಅದೂ ಸಿಗಲಿಲ್ವಾ, ಮೈಕ್ರೋಸಾಫ್ಟ್‌ದೇ ‘ಪ್ರೋಗ್ರಾಂ ಇನ್‌ಸ್ಟಾಲ್ ಆಂಡ್ ಅನ್‌ಇನ್‌ಸ್ಟಾಲ್’ ಟ್ರಬಲ್‌ಶೂಟರ್ ಇದೆ, ರಿಜಿಸ್ಟ್ರಿಯಲ್ಲಿ, ಅಂದ್ರೆ ವಿಂಡೋಸಿನ ಸೆಟ್ಟಿಂಗ್ ದಾಖಲೆಯಲ್ಲಿ, ಹಾಳಾದ ನಮೂದುಗಳನ್ನ ಅದು ಕಿತ್ತು ಹಾಕತ್ತೆ.

ಪ್ರಶ್ನೆ: ಝಿಪ್ ಒಳಗಿಂದ ಸೆಟಪ್ ಡಬಲ್ ಕ್ಲಿಕ್ ಮಾಡಿದ್ರೆ ಯಾವುದೋ ಫೈಲ್ ಕಾಣ್ತಿಲ್ಲ ಅಂತ ಬರತ್ತೆ, ಫೈಲ್ ಕಣ್ಣೆದುರೇ ಇದೆ!

ಉತ್ತರ: ನಿಮ್ಮ ಕಣ್ಣೆದುರಿದೆ, ಸೆಟಪ್ಪಿನ ಎದುರಿಲ್ಲ. ಝಿಪ್ ಒಳಗಿಂದ ಓಡಿಸಿದ್ರೆ ಅದೊಂದು ಫೈಲ್ ಮಾತ್ರ ಬಿಚ್ಚಿ ಟೆಂಪಿಗೆ ಹೋಗತ್ತೆ. ಮೊದಲು ಎಕ್ಸ್‌ಟ್ರಾಕ್ಟ್ ಆಲ್ ಮಾಡಿ.

ಪ್ರಶ್ನೆ: ವಿಂಡೋಸಲ್ಲಿ ನನ್ನ ಹೆಸರು ಕನ್ನಡದಲ್ಲೇ ಇಟ್ಟಿದ್ದೀನಿ. ಕೆಲವು ಸೆಟಪ್ ಮಾತ್ರ ‘ಪಾತ್ ಸಿಗ್ತಿಲ್ಲ’ ಅಂತ ಶುರುವಲ್ಲೇ ನಿಂತುಬಿಡತ್ತೆ, ಎರರ್ ಬಾಕ್ಸಲ್ಲಿ ನನ್ನ ಹೆಸರಿರಬೇಕಾದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಹೆಸರಿಂದಾನೇ ಹೀಗಾ?

ಉತ್ತರ: ಹೆಸರಿಂದಾನೇ, ಆದ್ರೆ ತಪ್ಪು ನಿಮ್ಮದಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಯುನಿಕೋಡ್ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಒಳಗೊಳಗೇ ಯುನಿಕೋಡಲ್ಲೇ ಕೆಲಸ ಮಾಡ್ತಿತ್ತು, ಇಷ್ಟು ವರ್ಷ ಆದ್ಮೇಲೂ ಹಳೇ ಪದ್ಧತಿಯಲ್ಲಿ ಇನ್‌ಸ್ಟಾಲರ್ ಬರೆಯೋರಿಗೆ ಏನನ್ನೋಣ. ಸೆಟಪ್ ಮೊದಲು ಟೆಂಪ್ ಫೋಲ್ಡರಲ್ಲಿ ಬಿಚ್ಕೊಳತ್ತೆ, ಆ ಫೋಲ್ಡರ್ ಇರೋದು ನಿಮ್ಮ ಹೆಸರಿನ ಫೋಲ್ಡರ್ ಒಳಗೆ, ಹಳೇ ಕೋಡಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಅದಕ್ಕೇ ಆ ಪ್ರಶ್ನಾರ್ಥಕ ಚಿಹ್ನೆಗಳು. ಸಿಸ್ಟಮ್ ಲೊಕೇಲನ್ನ (ಹಳೇ ಪ್ರೋಗ್ರಾಂಗಳು ಯಾವ ಭಾಷೆ ಬಳಸ್ಬೇಕು ಅನ್ನೋ ಸೆಟ್ಟಿಂಗ್) ಕನ್ನಡ ಮಾಡಿದ್ರೆ ಸರಿಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ವಿಂಡೋಸಲ್ಲಿ ಕನ್ನಡಕ್ಕೆ ಹಳೇ ಪ್ರೋಗ್ರಾಂಗಳು ಬಳಸೋ ಥರದ ಕೋಡ್‌ಪೇಜೇ (ಅಕ್ಷರಗಳ ನಂಬರ್ ಪಟ್ಟಿ) ಇಲ್ಲ.

ಯೂಸರ್ ಫೋಲ್ಡರಿನ ಹೆಸರು ಬದಲಾಯಿಸೋಕೆ ಕೈ ಹಾಕ್ಬೇಡಿ, ಪ್ರೊಫೈಲೇ ಕೆಡಬಹುದು. ಕಂಟ್ರೋಲ್ ಪ್ಯಾನೆಲಲ್ಲಿ ಹೆಸರು ಇಂಗ್ಲಿಷಿಗೆ ಬದಲಾಯಿಸಿದ್ರೆ ಪರದೆ ಮೇಲಿನ ಹೆಸರು ಬದಲಾಗತ್ತೆ, ಫೋಲ್ಡರ್ ಹಾಗೇ ಇರತ್ತೆ. ಬದಲಿಗೆ ಸಿ ಡ್ರೈವಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೆಂಪ್ ಅಂತ ಒಂದು ಫೋಲ್ಡರ್ ಮಾಡಿ, ಎನ್ವಿರಾನ್‌ಮೆಂಟ್ ವೇರಿಯೇಬಲ್ಸಲ್ಲಿ (ಟೆಂಪ್ ಫೋಲ್ಡರ್ ಎಲ್ಲಿದೆ ಅಂತೆಲ್ಲ ಬರೆದಿಡೋ ಸೆಟ್ಟಿಂಗ್) ಯೂಸರ್ ಭಾಗದಲ್ಲಿರೋ ಟೆಂಪ್ ಮತ್ತೆ ಟಿಎಂಪಿ ಎರಡನ್ನೂ ಅಲ್ಲಿಗೆ ತಿರುಗಿಸಿ, ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಅದಕ್ಕೂ ಬಗ್ಗದ ಸೆಟಪ್ ಇದ್ರೆ ಇಂಗ್ಲಿಷ್ ಹೆಸರಲ್ಲಿ ಇನ್ನೊಂದು ಅಡ್ಮಿನ್ ಅಕೌಂಟ್ ಮಾಡ್ಕೊಂಡು ಅದರಲ್ಲಿ ‘ಎಲ್ಲ ಬಳಕೆದಾರರಿಗೆ’ ಅನ್ನೋ ಆಯ್ಕೆಯಲ್ಲಿ ಇನ್‌ಸ್ಟಾಲ್ ಮಾಡಿ, ಆಮೇಲೆ ನಿಮ್ಮ ಕನ್ನಡ ಅಕೌಂಟಿಂದ ಓಪನ್ ಮಾಡಿ ನೋಡಿ.